ರೇಸ್‌ಕೋರ್ಸಿನಲ್ಲಿ ಗೋರಿ ತೋಡಿದ 28 ಮಂದಿಗೆ ಬಹಿರಂಗ ಪತ್ರ

ಮಾನ್ಯರೇ,

ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದಲ್ಲಿ ಮೆಮೋರಿಯಲ್ ಡೇ. ಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗಾಗಿ ದೇಶಕ್ಕೆ ರಜೆ. ಮಧ್ಯಾಹ್ನದವರೆಗೆ ಬಾವುಟ ಅರ್ಧಕ್ಕೆ ಇಳಿದಿರುತ್ತದೆ, ಅಂಗಡಿಗಳಲ್ಲಿ ಹಾಸಿಗೆಗೂ ಫ್ರಿಜ್ಜಿಗೂ ರಿಯಾಯಿತಿ. ಅಲ್ಲಿ ನೆಲೆಸಿರುವ ನಮ್ಮ ಕನ್ನಡದವರೂ ಮೂರು ದಿನ ರಜೆ ಸಿಕ್ಕಿತೆಂದು ಪಿಕ್ನಿಕ್ಕಿಗೆ ಹೊರಡುತ್ತಾರೆ. ನಿಮ್ಮನ್ನು ನೆನೆಯುವವರು ಮಾತ್ರ ಇಂದಿಗೂ ಕಡಿಮೆ.

ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಜಮೀನ್ದಾರರು ಕುದುರೆ ಓಡಿಸುತ್ತಿದ್ದ ರೇಸ್‌ಕೋರ್ಸನ್ನು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಬಂಡಾಯ ಸೇನೆ ಬಯಲು ಸೆರೆಮನೆ ಮಾಡಿಕೊಂಡಿತ್ತು. ಮೇಲೆ ಸೂರಿಲ್ಲದೆ, ರೋಗ ಹತ್ತಿ ಅಲ್ಲಿ ಪ್ರಾಣ ಬಿಟ್ಟ ಉತ್ತರದ ಸೈನಿಕರು 257. ಪ್ರೇಕ್ಷಕರ ಕಟ್ಟೆಯ ಹಿಂದೆ ಅವರನ್ನು ಒಟ್ಟಿಗೆ ಹೂತುಹಾಕಿದ್ದರು. 1865ರ ಏಪ್ರಿಲಿನಲ್ಲಿ ಕಪ್ಪು ಶ್ರಮಿಕರಾದ ನೀವು ಆ ಗುಂಡಿ ಅಗೆದಿರಿ. ಕೊಳೆತ ದೇಹಗಳನ್ನೆತ್ತಿ ಸಾಲಾಗಿ ಗೋರಿ ತೋಡಿ ಮಲಗಿಸಿದಿರಿ. ಸುತ್ತ ಎತ್ತರದ ಬೇಲಿ ಕಟ್ಟಿ ಸುಣ್ಣ ಬಳಿದಿರಿ. ಕಮಾನಿನ ಮೇಲೆ ‘ರೇಸ್‌ಕೋರ್ಸಿನ ಹುತಾತ್ಮರು’ ಎಂಬ ಬರಹ ಬಂತು. ಈ ಹುಡುಗರು ಯಾವುದಕ್ಕಾಗಿ ಸತ್ತರೆಂದು ನಿಮಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಗುಲಾಮಗಿರಿಯ ಸಂಕೋಲೆ ನಿಮ್ಮ ಜನರ ಕಾಲಿನಿಂದ ಕಳಚಿದ್ದೇ ಆಗ.

ಮೇ 1ರಂದು ಸುಮಾರು 10,000 ಜನ ಸೇರಿದರು. ಮುಂದೆ ಗುಲಾಬಿ ಹಿಡಿದ 3,000 ಶಾಲಾ ಮಕ್ಕಳು. ಗೋರಿಗಳ ಮೇಲೆ ಮಣ್ಣೇ ಕಾಣದಷ್ಟು ಹೂವು ಬಿತ್ತು. ಆಮೇಲೆ ಜನ ಅಲ್ಲೇ ಬುತ್ತಿ ಬಿಚ್ಚಿದರು, ಭಾಷಣ ಕೇಳಿದರು, ಕಪ್ಪು ಸೈನಿಕರ ಕವಾಯತು ನೋಡಿದರು. ಹಾಗಾಗಿ ಇಂದಿನ ಪಿಕ್ನಿಕ್ಕಿನ ಬಗ್ಗೆ ನನಗೆ ಸಿಟ್ಟಿಲ್ಲ. ಸತ್ತವರ ದಿನ ಬದುಕಿರುವವರು ಕೂಡಿ ಉಂಡರೆ ತಪ್ಪೇನು?

ನನ್ನ ಸಿಟ್ಟು ಮುಂದಿನ ಕಥೆಯ ಮೇಲೆ. 1868ರಲ್ಲಿ ಜನರಲ್ ಜಾನ್ ಲೋಗನ್ ಮೇ 30ರಂದು ಸೈನಿಕರ ಗೋರಿಗಳಿಗೆ ಹೂವಿಡಲು ಕರೆಕೊಟ್ಟರು, ದಿನ ದೇಶದ್ದಾಯಿತು. 1971ರಿಂದ ಅದು ಸೋಮವಾರಕ್ಕೆ ಸರಿಯಿತು. ‘ಮೊದಲು ಹೂವಿಟ್ಟವರು ನಾವೇ’ ಎನ್ನುವ ಊರುಗಳು ಹಲವಿವೆ, ಎಲ್ಲರೂ ಶ್ರದ್ಧೆಯಿಂದಲೇ ಇಟ್ಟಿದ್ದಾರೆ. ಆದರೆ 1966ರಲ್ಲಿ ಅಧ್ಯಕ್ಷ ಜಾನ್ಸನ್ ಈ ದಿನದ ಜನ್ಮಸ್ಥಳವೆಂದು ಮುದ್ರೆ ಒತ್ತಿದ್ದು ನ್ಯೂಯಾರ್ಕ್ ರಾಜ್ಯದ ವಾಟರ್ಲೂಗೆ. ಆ ಊರಿನವರು ಹೂವಿಟ್ಟದ್ದು 1866ರಲ್ಲಿ, ನಿಮಗಿಂತ ಒಂದು ವರ್ಷ ತಡವಾಗಿ. ನಿಮ್ಮ ಕಥೆ 1990ರ ದಶಕದಲ್ಲಿ ಇತಿಹಾಸಕಾರ ಡೇವಿಡ್ ಬ್ಲೈಟ್ ಹಾರ್ವರ್ಡಿನ ಹಳೆಯ ಕಾಗದಪತ್ರ ಕೆದಕುವವರೆಗೂ ಹೊರಬರಲಿಲ್ಲ.

ನೀವು ತೋಡಿದ ಗೋರಿಗಳೂ ಅಲ್ಲಿಲ್ಲ. ಆ ಸೈನಿಕರನ್ನು ಬ್ಯೂಫರ್ಟಿನ ರಾಷ್ಟ್ರೀಯ ಸ್ಮಶಾನಕ್ಕೆ ಸಾಗಿಸಿದರು. ರೇಸ್‌ಕೋರ್ಸು ಪಾರ್ಕಾಯಿತು, ಅದಕ್ಕಿಟ್ಟ ಹೆಸರು ಹ್ಯಾಂಪ್ಟನ್ ಪಾರ್ಕ್. ವೇಡ್ ಹ್ಯಾಂಪ್ಟನ್ ಬಂಡಾಯ ಸೇನೆಯ ಜನರಲ್, ನಿಮ್ಮನ್ನು ಗುಲಾಮರನ್ನಾಗಿಯೇ ಉಳಿಸಿಕೊಳ್ಳಲು ಹೋರಾಡಿದವನು. ಇತ್ತೀಚೆಗೆ ಅಲ್ಲಿ ನಿಮ್ಮ ಜನರ ಕಥೆ ಹೇಳುವ ಫಲಕ ನೆಟ್ಟಿದ್ದಾರೆ, ಸಂತೋಷ. ಆದರೆ ಫಲಕ ಸಾಲದು. ಆ ಪಾರ್ಕಿನ ಹೆಸರು ಬದಲಾಗಬೇಕು. ಕಮಾನಿಗೆ ಏನು ಬರೆಯಬೇಕೆಂದು 1865ರಲ್ಲೇ ತೀರ್ಮಾನವಾಗಿದೆ.

ಗೌರವಪೂರ್ವಕವಾಗಿ,
ಕರ್ನಾಟಕದ ಒಬ್ಬ ಓದುಗ