ಮೈಗೆ ತಾಗದಂತೆ ಯೂರೋಪು ಸುತ್ತುವ ವಿಧಾನ

ಮೊದಲು ದೇಶಗಳನ್ನು ಎಣಿಸಿ. ಟೂರ್ ಕಂಪನಿಯವರು ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಯಾವ ಊರಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ, ಏನೇನು ತೋರಿಸುತ್ತಾರೆ ಎಂದೆಲ್ಲ ಓದುತ್ತ ಕೂರಬೇಡಿ. ಹದಿಮೂರು ದಿನಕ್ಕೆ ಎಷ್ಟು ದೇಶ? ಹತ್ತಕ್ಕೆ ಕಡಿಮೆಯಿದ್ದರೆ ಎದ್ದು ಬನ್ನಿ. ನಿಮ್ಮ ಷಡ್ಡಕ ಹೋದ ವರ್ಷವಷ್ಟೇ ಒಂಬತ್ತು ಮುಗಿಸಿ ಬಂದಿದ್ದಾನೆ. ಲೆಕ್ಕ ಸಾಲದಿದ್ದರೆ ಪುಟ್ಟ ದೇಶಗಳನ್ನು ಸೇರಿಸಿಕೊಳ್ಳಿ. ವ್ಯಾಟಿಕನ್ ಅರ್ಧ ಚದರ ಕಿಲೋಮೀಟರಿನಷ್ಟೂ ಇಲ್ಲ, ಆದರೂ ಅದು ದೇಶವೇ. ಲಿಖ್ಟೆನ್‌ಸ್ಟೈನಿನ ರಾಜಧಾನಿ ವಾಡುಜ್‌ನಲ್ಲಿ ದುಡ್ಡು ಕೊಟ್ಟರೆ ಪಾಸ್‌ಪೋರ್ಟಿಗೆ ನೆನಪಿನ ಮುದ್ರೆ ಒತ್ತಿಕೊಡುತ್ತಾರೆ. ಮನೆಯವರನ್ನು ಮುದ್ರೆಯ ಸಾಲಿಗೆ ನಿಲ್ಲಿಸಿ, ನೀವು ಶೌಚಾಲಯಕ್ಕೆ ಹೋಗಿಬನ್ನಿ. ದೇಶ ಮುಗಿಯಿತು.

ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹಾಕಬೇಡಿ. ಬೇಸಿಗೆ ರಜೆ ಶುರುವಾಗಿ ಊರಿಗೆ ಊರೇ ಅರ್ಜಿ ಹಿಡಿದು ನಿಲ್ಲುವವರೆಗೆ ಕಾದು, ಆ ಸಾಲಿನ ಕೊನೆಗೆ ಸೇರಿಕೊಳ್ಳಿ. ಶುಲ್ಕ ತಲೆಗೆ 90 ಯೂರೋ. ವೀಸಾ ಸಿಗದಿದ್ದರೂ ಅದು ವಾಪಸು ಬರುವುದಿಲ್ಲವಾದ್ದರಿಂದ ಇದನ್ನು ಯೂರೋಪಿಗೆ ಸಲ್ಲಿಸಿದ ಮೊದಲ ಕಾಣಿಕೆ ಎಂದುಕೊಳ್ಳಿ. ಬ್ಯಾಂಕ್ ಖಾತೆಯಲ್ಲಿ ದುಡ್ಡು ತೋರಿಸಬೇಕಾಗಿರುವುದರಿಂದ ಹಿಂದಿನ ವಾರ ಭಾವಮೈದುನನಿಂದ ನಾಲ್ಕು ಲಕ್ಷ ಹಾಕಿಸಿಕೊಳ್ಳಿ. ಅಧಿಕಾರಿಗಳಿಗೆ ಅದು ಗೊತ್ತಾಗುವುದೇ ಇಲ್ಲ ಎಂದು ದೃಢವಾಗಿ ನಂಬಿ.

ಈಗ ಪೆಟ್ಟಿಗೆ ತುಂಬಿ. ಬಟ್ಟೆಗೆ ಒಂದು ಪೆಟ್ಟಿಗೆಯ ಒಂದು ಮೂಲೆ ಸಾಕು. ಉಳಿದ ಜಾಗಕ್ಕೆ ಗೊಜ್ಜವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ನಿಪ್ಪಟ್ಟು, ಮಾವಿನ ಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಳಿ ಅಂಗಿಗಳ ನಡುವೆ ಇಡಿ. ಹೊರಗಿನಿಂದ ಬರುವವರು ಹಾಲು, ಹಾಲಿನ ಪದಾರ್ಥಗಳನ್ನು ತರಬಾರದು ಎಂದು ಯೂರೋಪಿಯನ್ ಒಕ್ಕೂಟದ ನಿಯಮವಿದೆ. ನಿಯಮ ಇರುವುದು ಬೇರೆಯವರಿಗೆ. ತುಪ್ಪವನ್ನು ತೆಂಗಿನೆಣ್ಣೆಯ ಡಬ್ಬಿಗೆ ಸುರಿದುಕೊಳ್ಳಿ. ಧಾರವಾಡ ಪೇಡೆಯ ಪೊಟ್ಟಣ ತೋರಿಸಿ ಕಸ್ಟಮ್ಸ್‌ನವನು ಇದೇನೆಂದು ಕೇಳಿದರೆ, ಕೈಮುಗಿದು ‘ಪ್ರಸಾದ’ ಎನ್ನಿ.

ಹೋಟೆಲು ಪುಸ್ತಿಕೆಯಲ್ಲಿ ಪ್ಯಾರಿಸ್‌ನಲ್ಲಿರುತ್ತದೆ, ನೆಲದ ಮೇಲೆ ಹೆದ್ದಾರಿಯ ಪಕ್ಕ, ಗೋದಾಮುಗಳ ನಡುವೆ. ಕೋಪಿಸಿಕೊಳ್ಳಬೇಡಿ. ಪ್ಯಾರಿಸ್ ಹತ್ತಿರವಿದ್ದರೆ ಸಂಜೆ ಹೊರಗೆ ಹೋಗಬೇಕೆನಿಸುತ್ತಿತ್ತು. ಆಗ ಅಡುಗೆ ಯಾರು ಮಾಡುವುದು? ಕೋಣೆಗೆ ಹೋದ ತಕ್ಷಣ ಚಹಾಕ್ಕೆಂದು ಇಟ್ಟ ಎಲೆಕ್ಟ್ರಿಕ್ ಕೆಟಲ್ಲಿಗೆ ತೊಳೆದ ಅಕ್ಕಿ ಹಾಕಿ. ನೀರು ಕುದಿದು ಸ್ವಿಚ್ ತಾನೇ ಹಾರಿದರೆ ಮತ್ತೆ ಒತ್ತಿ. ಅದು ಮತ್ತೆ ಹಾರುತ್ತದೆ. ಮತ್ತೆ ಒತ್ತಿ. ಹನ್ನೊಂದನೆಯ ಸಲಕ್ಕೆ ಅನ್ನವೂ ಅಲ್ಲದ ಗಂಜಿಯೂ ಅಲ್ಲದ ಒಂದು ಪದಾರ್ಥ ಸಿದ್ಧವಾಗುತ್ತದೆ. ಕೆಟಲ್ ತೊಳೆಯುವ ಅಗತ್ಯವಿಲ್ಲ. ನಾಳೆ ಬರುವ ನಾರ್ವೆಯವನು ಚಹಾ ಮಾಡಿಕೊಂಡಾಗ ಅವನಿಗೂ ನಮ್ಮ ಸೋನಾ ಮಸೂರಿಯ ಪರಿಚಯವಾಗಲಿ.

ಒಗ್ಗರಣೆಗೆ ಸಣ್ಣ ಇಂಡಕ್ಷನ್ ಒಲೆ ಒಯ್ದಿರುತ್ತೀರಿ. ಮಂಚದ ಮೇಲೆ ನಿಂತು, ಸ್ನಾನದ ಮನೆಯ ಪ್ಲಾಸ್ಟಿಕ್ ಟೋಪಿಯನ್ನು ಚಾವಣಿಯ ಹೊಗೆ ಪತ್ತೆ ಯಂತ್ರಕ್ಕೆ ತೊಡಿಸಿ. ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕಿ. ಸಾಸಿವೆ ಚಟಪಟ ಅನ್ನುವಾಗ ಒಳಗಿನಿಂದ ‘ರೀ, ಕಿಟಕಿ ತೆಗೀರಿ’ ಎಂಬ ಕೂಗು ಬರುತ್ತದೆ. ‘ನಾಲ್ಕು ಬೆರಳಿಗಿಂತ ಜಾಸ್ತಿ ತೆಗೆಯೋಕೆ ಬರಲ್ಲ ಕಣೇ’ ಎಂದು ಉತ್ತರಿಸಿ. ಟೋಪಿ ಜಾರುವುದು ಇದೇ ಘಳಿಗೆಗೆ. ಸೈರನ್ ಮೊಳಗಿದ ಮೇಲೆ ಒಲೆಯನ್ನು ಮಂಚದಡಿಗೆ ತಳ್ಳಿ, ಸ್ವೆಟರ್ ಹಾಕಿಕೊಂಡು ಎಲ್ಲರೊಡನೆ ಶಾಂತವಾಗಿ ಮೆಟ್ಟಿಲಿಳಿಯಿರಿ. ಪಾರ್ಕಿಂಗ್ ಜಾಗದಲ್ಲಿ ನೂರಾರು ಜನ ರಾತ್ರಿಯುಡುಪಿನಲ್ಲಿ ನಡುಗುತ್ತ ನಿಂತಿರುವಾಗ ಬೆಂಕಿ ಆರಿಸುವವರ ಗಾಡಿ ಬರುತ್ತದೆ. ಅತ್ತಿತ್ತ ನೋಡಿ ‘ಯಾರೋ ಸಿಗರೇಟು ಸೇದಿರಬೇಕು’ ಎನ್ನಿ. ನಿಮ್ಮ ಸ್ವೆಟರು ಇಂಗಿನ ವಾಸನೆ ಬೀರುತ್ತಿರುವುದು ಸುತ್ತಲಿನವರ ಸಮಸ್ಯೆ.

ಲೂವ್ರ್ ಸಂಗ್ರಹಾಲಯಕ್ಕೆ ಬೆಳಿಗ್ಗೆ ಹೋಗಿ, ಮೋನಾಲಿಸಾಳಿಗೆ ಬಾಣದ ಗುರುತು ತೋರಿಸುವ ದಾರಿಯಲ್ಲೇ ಓಡಿ. ನಡುವೆ ಬರುವುದನ್ನೆಲ್ಲ ಕಾರಿಡಾರು ಎಂದು ತಿಳಿಯಿರಿ. 2024ರಲ್ಲಿ 87 ಲಕ್ಷ ಜನ ಬಂದ ಜಾಗ ಅದು. ಅವರಲ್ಲಿ ಹೆಚ್ಚಿನವರು ಈಗ ನಿಮ್ಮ ಮುಂದೆಯೇ ಇದ್ದಾರೆ ಎನಿಸುತ್ತದೆ. ಚಿತ್ರ 77 ಸೆಂಟಿಮೀಟರ್ ಎತ್ತರ, 53 ಅಗಲ, ಗಾಜಿನ ಹಿಂದೆ. ಫೋನು ಮೇಲೆತ್ತಿ, ಮುಂದಿನವರು ಮೇಲೆತ್ತಿದ ಫೋನುಗಳ ಫೋಟೋ ತೆಗೆಯಿರಿ. ಅವುಗಳಲ್ಲೊಂದರ ಪರದೆಯಲ್ಲಿ ಆಕೆ ಚೆನ್ನಾಗಿಯೇ ಕಾಣುತ್ತಾಳೆ. ಯಾವ ಕಾರಣಕ್ಕೂ ಹಿಂದಿರುಗಿ ನೋಡಬೇಡಿ. ಅದೇ ಕೋಣೆಯ ಎದುರು ಗೋಡೆಯಲ್ಲಿ ವೆರೊನೀಸ್ 1563ರಲ್ಲಿ ಮುಗಿಸಿದ ‘ಕಾನಾದ ಮದುವೆ’ ಇದೆ. ಆ ಸಂಗ್ರಹಾಲಯದಲ್ಲೇ ದೊಡ್ಡ ವರ್ಣಚಿತ್ರ ಅದು, ಹೆಚ್ಚುಕಡಿಮೆ ಹತ್ತು ಮೀಟರ್ ಅಗಲ, ನೂರಕ್ಕೂ ಮೀರಿದ ಜನ. ಬಡಿಸುವವರು, ಸಂಗೀತದವರು, ನಾಯಿಗಳು, ಪಂಕ್ತಿಯಲ್ಲಿ ಕೂತು ಪಕ್ಕದವರ ತಟ್ಟೆಯ ಮೇಲೆ ಕಣ್ಣಿಟ್ಟವರು. ನಮ್ಮ ಕಡೆಯ ಮದುವೆ ಮನೆಯಲ್ಲಿ ಓಡಾಡಿದವರು ಅದರ ಮುಂದೆ ಒಂದು ಗಂಟೆ ನಿಂತುಬಿಡುವ ಅಪಾಯವಿದೆ. ಬೆನ್ನು ಕೊಟ್ಟೇ ಇರಿ.

ಮೋನಾಲಿಸಾ ಕಾಣಲಿಲ್ಲವೆಂದು ಬೇಸರಪಟ್ಟುಕೊಳ್ಳಬೇಡಿ. 1911ರಲ್ಲಿ ಅಲ್ಲಿ ಹಿಂದೆ ಕೆಲಸ ಮಾಡಿದ್ದ ಇಟಲಿಯವನೊಬ್ಬ ಅದನ್ನು ಕದ್ದೊಯ್ದಿದ್ದ. ಎರಡು ವರ್ಷ ಚಿತ್ರ ಸಿಗಲಿಲ್ಲ. ಆಗ ಖಾಲಿ ಗೋಡೆ ನೋಡಲು ಜನ ಸಾಲುಗಟ್ಟಿ ಬರುತ್ತಿದ್ದರು. ನಿಮ್ಮದು ಹಳೆಯ, ಗೌರವಾನ್ವಿತ ಪರಂಪರೆ.

ಬಸ್ಸಿನ ಶಿಸ್ತು ಬೇರೆಯದೇ ವಿದ್ಯೆ. ಮೊದಲ ದಿನ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬಂದು ಮುಂದಿನ ಸೀಟಿಗೆ ಕರವಸ್ತ್ರ ಹಾಸಿ. ದಿನಕ್ಕೊಬ್ಬರು ಸೀಟು ಬದಲಾಯಿಸಬೇಕೆಂದು ಟೂರ್ ಮ್ಯಾನೇಜರ್ ಹೇಳಿದಾಗ ಮಂಡಿನೋವು ಬರಿಸಿಕೊಳ್ಳಿ. ಅಲ್ಲಿನ ಕಾನೂನಿನ ಪ್ರಕಾರ ಡ್ರೈವರು ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ಅದನ್ನು ಲೆಕ್ಕ ಇಡುವ ಯಂತ್ರವೂ ಬಸ್ಸಿನಲ್ಲಿದೆ. ನಿಲ್ಲಿಸಿದಾಗಲೆಲ್ಲ ‘ನಮ್ಮ ಕೆಎಸ್‌ಆರ್‌ಟಿಸಿ ಆಗಿದ್ದರೆ ಇಷ್ಟು ಹೊತ್ತಿಗೆ ತಲುಪಿಸಿಬಿಡುತ್ತಿದ್ದ’ ಎಂದು ಗಟ್ಟಿಯಾಗಿ ಹೇಳಿ. ಕಿಟಕಿಯಾಚೆ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಶುರುವಾದ ಕೂಡಲೇ ಪರದೆ ಎಳೆದು ತಂಬೋಲಾ ಆರಂಭಿಸಿ. ಕಾಡು ಮುಗಿದು ಕೋಗಿಲೆ ಗಡಿಯಾರದ ಅಂಗಡಿ ಬಂದಾಗ ಪರದೆ ಸರಿಸಿ.

ಸ್ವಿಟ್ಜರ್ಲೆಂಡಿನ ಷಾಫ್‌ಹೌಸನ್ ಬಳಿ ರೈನ್ ನದಿಯ ಜಲಪಾತ ಬರುತ್ತದೆ. ಅಗಲ 150 ಮೀಟರ್, ಎತ್ತರ 23. ಎತ್ತರ ಕೇಳಿದೊಡನೆ ನಕ್ಕುಬಿಡಿ. ‘ನಮ್ಮ ಜೋಗ 253 ಮೀಟರ್ ಕಣ್ರೀ!’ ಎಂದು, ನೀರಿನ ಮೊರೆತದಲ್ಲಿ ಕೇಳಿಸದಿದ್ದರೆ ಎರಡನೆಯ ಸಲವೂ ಹೇಳಿ. ಬೇಸಿಗೆಯಲ್ಲಿ ಜೋಗದ ಬಂಡೆ ಒಣಗಿ ನಿಂತಿರುವಾಗ ಇಲ್ಲಿ ಕರಗಿದ ಹಿಮದ ನೀರು ಭೋರಿಡುತ್ತಿರುತ್ತದೆ, ಆ ವಿಷಯ ಎತ್ತಬೇಡಿ. ಜೋಗಕ್ಕೆ ನೀವು ಕೊನೆಗೆ ಹೋದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, ಶಾಲೆಯ ಪ್ರವಾಸ ಎನ್ನದೆ ಮಾತು ಬದಲಿಸಿ.

ಯುಂಗ್‌ಫ್ರಾಯೋಖ್ ನಿಲ್ದಾಣಕ್ಕೆ ಮಾತ್ರ ಸಮಯ ಕೊಡಿ, ಏಕೆಂದರೆ ಅಲ್ಲಿ ಊಟವಿದೆ. ಐಗರ್ ಮತ್ತು ಮೋಂಖ್ ಪರ್ವತಗಳ ಹೊಟ್ಟೆ ಕೊರೆದು 16 ವರ್ಷ ಹೆಣಗಿ 1912ರಲ್ಲಿ ಮುಗಿಸಿದ ರೈಲು ಮಾರ್ಗ ಅಲ್ಲಿಯದು. 3,454 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಸುರಂಗ ಏಳು ಕಿಲೋಮೀಟರಿಗೂ ಹೆಚ್ಚು. ಆ ಕತ್ತಲಲ್ಲಿ ಫೋಟೋಗಳನ್ನು ಅಳಿಸಿ ಫೋನಿಗೆ ಜಾಗ ಮಾಡಿಕೊಳ್ಳಿ. ಇಳಿದ ಕೂಡಲೇ ಗಾಜಿನ ಗೋಡೆಯಾಚೆ ಆಲೆಟ್ಷ್ ಹಿಮನದಿ ಕಾಣುತ್ತದೆ. ಸುಮಾರು 20 ಕಿಲೋಮೀಟರ್ ಉದ್ದ, ಆಲ್ಪ್ಸ್ ಪರ್ವತಗಳಲ್ಲೇ ಉದ್ದನೆಯದು, ವರ್ಷದಿಂದ ವರ್ಷಕ್ಕೆ ಕರಗಿ ಹಿಂದೆ ಸರಿಯುತ್ತಿದೆ. ನಿಮ್ಮ ಮೊಮ್ಮಕ್ಕಳಿಗೆ ಅದು ಇದೇ ರೂಪದಲ್ಲಿ ಸಿಗುವುದಿಲ್ಲ. ಆದರೆ ಮೊದಲು ಟೋಕನ್. ಅಲ್ಲಿ ‘ಬಾಲಿವುಡ್’ ಎಂಬ ಹೆಸರಿನ ಭಾರತೀಯ ರೆಸ್ಟೋರೆಂಟೇ ಇದೆ. ಹಿಮಕ್ಕೆ ಬೆನ್ನು, ದಾಲ್‌ಗೆ ಮುಖ ಮಾಡಿ ಕೂತು, ‘ಉಪ್ಪು ಸ್ವಲ್ಪ ಮುಂದಾಯಿತು’ ಎಂದು ಅಭಿಪ್ರಾಯ ಕೊಡಿ. ಊಟದ ನಂತರ ಎತ್ತರಕ್ಕೆ ತಲೆ ಸುತ್ತುತ್ತದೆ. ಬೆಂಚು ಹುಡುಕಿ, ಮಂಕಿ ಕ್ಯಾಪನ್ನು ಗಲ್ಲದವರೆಗೆ ಎಳೆದುಕೊಂಡು, ಕೆಳಗಿಳಿಯುವ ರೈಲಿನವರೆಗೂ ಅಲ್ಲೇ ಇರಿ. ಟೂರಿನಲ್ಲಿ ಯುಂಗ್‌ಫ್ರಾ ಬದಲು ಟಿಟ್ಲಿಸ್ ಇದ್ದರೆ ಇನ್ನೂ ಅನುಕೂಲ. ಅಲ್ಲಿ ಶಾರುಖ್–ಕಾಜೋಲ್ ಕಟೌಟ್ ನಿಲ್ಲಿಸಿದ್ದಾರೆ, ಪರ್ವತವನ್ನು ಫೋಟೋದಲ್ಲಿ ಸೇರಿಸುವ ತೊಂದರೆಯೂ ಇಲ್ಲ.

ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಕ್ಯೂಕೆನ್‌ಹಾಫ್ ಟ್ಯೂಲಿಪ್ ತೋಟ ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ ತೆರೆದಿರುತ್ತದೆ. ಆದ್ದರಿಂದ ಮೇ ಕೊನೆಗೆ ಹೋಗಿ. ಅಂಗಡಿಗಳಲ್ಲಿ ಮರದ ಟ್ಯೂಲಿಪ್ ಸಿಗುತ್ತವೆ. ಬಾಡುವುದಿಲ್ಲ, ನೀರೂ ಬೇಡ. ಬ್ರಸೆಲ್ಸ್‌ನ ಉಚ್ಚೆ ಹೊಯ್ಯುವ ಹುಡುಗನ ವಿಗ್ರಹ 55 ಸೆಂಟಿಮೀಟರ್. ‘ಇಷ್ಟೇನಾ?’ ಎಂದು ಕೇಳಿ ಬಸ್ ಹತ್ತಿ. ಅಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳುವುದಿಲ್ಲ.

ಪೀಸಾದಲ್ಲಿ ಗೋಪುರ ತಳ್ಳುವ ಫೋಟೋ ಕಡ್ಡಾಯ. 1173ರಲ್ಲಿ ಕಟ್ಟಲು ಶುರು ಮಾಡಿದ ಗೋಪುರ, ಮೆತ್ತಗಿನ ಮಣ್ಣಿನಿಂದಾಗಿ ಮೂರನೆಯ ಅಂತಸ್ತಿಗೆ ಬರುವಷ್ಟರಲ್ಲೇ ವಾಲಿತು. 1990ರಲ್ಲಿ ಬೀಳುವ ಭಯಕ್ಕೆ ಬಾಗಿಲು ಹಾಕಿ, ಎಂಜಿನಿಯರುಗಳು ವಾಲಿದ್ದಕ್ಕೆ ಎದುರು ಪಕ್ಕದ ಬುಡದಿಂದ ಜೋಪಾನವಾಗಿ ಮಣ್ಣು ತೆಗೆದು 45 ಸೆಂಟಿಮೀಟರಿನಷ್ಟು ನೆಟ್ಟಗೆ ಮಾಡಿ 2001ರಲ್ಲಿ ಮತ್ತೆ ತೆರೆದರು. ಉಳಿದದ್ದು ನಿಮ್ಮ ಕೆಲಸ. ಹುಲ್ಲಿನ ಮೇಲೆ ನಿಂತು ಕೈ ಚಾಚಿ. ಮನೆಯವರು ಹೊಟ್ಟೆ ನೆಲಕ್ಕೆ ಒತ್ತಿ ಮಲಗಿ ‘ಎಡಕ್ಕೆ, ಇನ್ನೂ ಎಡಕ್ಕೆ, ಈಗ ಗೋಪುರ ನಿಮ್ಮ ಕಂಕುಳಲ್ಲಿದೆ’ ಎನ್ನುತ್ತಾರೆ. ಸುತ್ತ ಇನ್ನೂ ಎಂಬತ್ತು ಜನ ಹೀಗೇ ಗಾಳಿಯನ್ನು ತಳ್ಳುತ್ತ ನಿಂತಿರುತ್ತಾರೆ. ಸಮಯವೆಲ್ಲ ಇದಕ್ಕೇ ಹೋಗುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಪಕ್ಕದ ಬ್ಯಾಪ್ಟಿಸ್ಟರಿಯೊಳಗೆ ಹೋಗಬೇಕಾದೀತು. ಅಲ್ಲಿ ಕಾವಲಿನವರು ಆಗಾಗ ಒಂದೊಂದೇ ಸ್ವರ ಹಾಡುತ್ತಾರೆ, ಗುಮ್ಮಟ ಅದನ್ನು ಹಿಡಿದಿಟ್ಟುಕೊಂಡು ಮುಂದಿನ ಸ್ವರದೊಡನೆ ಕೂಡಿಸುತ್ತದೆ. ಒಬ್ಬರೇ ಹಾಡಿದರೂ ಮೇಳವೇ ಹಾಡಿದ ಹಾಗೆ ಕೇಳುತ್ತದೆ. ಕೇಳಿದವರು ಬಸ್ಸಿಗೆ ತಡವಾಗಿ ಬಂದು ಬೈಸಿಕೊಳ್ಳುತ್ತಾರೆ.

ರೋಮಿನ ಟ್ರೆವಿ ಕಾರಂಜಿಗೆ ಬೆನ್ನು ಹಾಕಿ, ಬಲಗೈಯಿಂದ ಎಡ ಹೆಗಲ ಮೇಲೆ ನಾಣ್ಯ ಎಸೆದರೆ ರೋಮಿಗೆ ಮತ್ತೆ ಬರುತ್ತೀರೆಂದು ನಂಬಿಕೆ. ಹಾಗೆ ಬೀಳುವ ದುಡ್ಡನ್ನು ಬಾಚಿ ಬಡವರ ನೆರವಿಗೆ ಕೊಡುತ್ತಾರೆ. ನೀವು ಒಂದು ರೂಪಾಯಿ ನಾಣ್ಯ ಎಸೆಯಿರಿ. ಎಸೆತ ಅದೇ, ವಿಡಿಯೋ ಅದೇ, ಉಳಿತಾಯ ಒಂದು ಯೂರೋ. ವೆನಿಸ್‌ನ ಗೊಂಡೊಲಾಕ್ಕೆ ಹಗಲು ಅರ್ಧ ಗಂಟೆಗೆ ನಗರಸಭೆ ಗೊತ್ತುಮಾಡಿದ ದರ 90 ಯೂರೋ, ತಲೆಗಲ್ಲ, ದೋಣಿಗೆ. ಜತೆಗೆ ಹತ್ತುವ ಮೂವರನ್ನು ಹುಡುಕಲು ಅರ್ಧ ಗಂಟೆ, ಚಿಲ್ಲರೆ ಹಂಚಿಕೊಳ್ಳಲು ಅರ್ಧ ಗಂಟೆ ಇಟ್ಟುಕೊಳ್ಳಿ. ದೋಣಿ ಇಳಿದು ‘ನೀರು ವಾಸನೆ’ ಎಂದು ಸ್ಟೇಟಸ್ ಹಾಕಿ.

ಸ್ಟೇಟಸ್ ವಿಚಾರದಲ್ಲಿ ಶಿಸ್ತು ಸಡಿಲಿಸಬೇಡಿ. ದಿನಕ್ಕೆ ಮೂವತ್ತು ಫೋಟೋ, ಎಲ್ಲದರ ನಡುವೆ ನೀವು, ಹಿಂದೆ ಯಾವುದೋ ಕಟ್ಟಡದ ಅರ್ಧ. ಷಡ್ಡಕ ನೋಡಿದ್ದಾನೆಯೇ ಎಂದು ಪ್ರತಿ ರಾತ್ರಿ ಪರೀಕ್ಷಿಸಿ. ನೋಡಿಯೂ ಏನೂ ಬರೆಯದಿದ್ದರೆ ಪ್ರವಾಸ ಸರಿದಾರಿಯಲ್ಲಿದೆ.

ಊರಿಗೆ ಬಂದ ಮೇಲೆ ಯಾವುದು ಚೆನ್ನಾಗಿತ್ತು ಎಂದು ಕೇಳುತ್ತಾರೆ. ‘ಸ್ವಿಟ್ಜರ್ಲೆಂಡ್’ ಎನ್ನಿ. ಏನು ಚೆನ್ನಾಗಿತ್ತು ಎಂದರೆ ‘ಕ್ಲೀನು’ ಎನ್ನಿ. ಇದಕ್ಕಿಂತ ಹೆಚ್ಚು ಕೇಳುವವರು ತಾವೂ ಹೊರಡುವ ಯೋಚನೆಯಲ್ಲಿದ್ದಾರೆ. ಅಂಥವರಿಗೆ ಊಟದ್ದೇ ಕಷ್ಟ ಎಂದು ಹೆದರಿಸಿ. ಚಾಕೊಲೇಟ್ ಹಂಚುವುದನ್ನು ಮರೆಯಬೇಡಿ. ತ್ರಿಕೋನದ ಟೋಬ್ಲರೋನ್ ಆದರೆ ಒಂದೊಂದು ತುಂಡು ಮುರಿದು ಕೊಡಲು ಅನುಕೂಲ. ತಯಾರಿಕೆಯ ಒಂದು ಭಾಗ ಸ್ಲೊವಾಕಿಯಾಕ್ಕೆ ಹೋದದ್ದರಿಂದ 2023ರಲ್ಲಿ ಅದರ ಹೊದಿಕೆಯ ಮೇಲಿದ್ದ ಮ್ಯಾಟರ್‌ಹಾರ್ನ್ ಪರ್ವತದ ಚಿತ್ರ ತೆಗೆಯುತ್ತೇವೆ ಎಂದು ಕಂಪನಿ ಹೇಳಿತ್ತು, ಯಾರೂ ಗಮನಿಸುವುದಿಲ್ಲ. ಗಡಿಬಿಡಿಯಲ್ಲಿ ತರುವುದನ್ನೇ ಮರೆತಿದ್ದರೂ ಗಾಬರಿ ಬೇಡ. ಬೆಂಗಳೂರಿನಲ್ಲಿ ವಿಮಾನ ಇಳಿದು ಸೂಟ್‌ಕೇಸಿಗೆ ಕಾಯುವ ಮೊದಲೇ ಡ್ಯೂಟಿ ಫ್ರೀ ಅಂಗಡಿ ಸಿಗುತ್ತದೆ. ಎರಡು ಡಬ್ಬಿ ಕೊಳ್ಳಿ, ದರದ ಚೀಟಿಯನ್ನು ಉಗುರಿನಿಂದ ಪೂರ್ತಿ ಕೆರೆಯಿರಿ, ರಸೀತಿಯನ್ನು ಅಲ್ಲಿನ ಬುಟ್ಟಿಗೇ ಹಾಕಿಬನ್ನಿ.