ಬೋರ್ ಮಾಡಿಸೋದಾ, ಬೇರೆ ಕೊಳ್ಳೋದಾ?

ಗಾಡಿ ವಿಷಯದಲ್ಲಿ ಸಲಹೆ ಕೇಳಿಕೊಂಡು ಬರುವ ಗಂಡಸನ್ನು ನಂಬಬಾರದು. ಅವನಿಗೆ ಬೇಕಾಗಿರುವುದು ಸಲಹೆ ಅಲ್ಲ, ಸಾಕ್ಷಿ. ಮನೆಗೆ ಹೋಗಿ "ನಾನೊಬ್ಬನೇ ಅಲ್ಲ ಕಣೇ, ನಿನ್ನ ತಮ್ಮನೂ ಹಂಗೇ ಅಂದ" ಅನ್ನುವುದಕ್ಕೆ ಒಂದು ಬಾಯಿ ಬೇಕು. ಮೈಸೂರಿನಿಂದ ನಮ್ಮ ಭಾವ ಫೋನ್ ಮಾಡಿ "ನೋಡಯ್ಯ, ನಿಷ್ಪಕ್ಷಪಾತವಾಗಿ ಒಂದು ಮಾತು ಹೇಳು" ಅಂದಾಗಲೇ ನನಗೆ ಅರ್ಥವಾಯಿತು, ಯೆಜ್ಡಿ ಮಲಗಿದೆ.

ಬರೀ ಯೆಜ್ಡಿ ಅಂದರೆ ಭಾವನಿಗೆ ಸಿಟ್ಟು. ರೋಡ್‌ಕಿಂಗ್ ಅನ್ನಬೇಕು. 1984ರ ಮಾಡೆಲ್ಲು, 250 ಸಿಸಿ. ಇರುವುದು ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. "ಒಂದು ಸಾಲ್ತಿರಲಿಲ್ವಾ?" ಎಂದು ಕೇಳಿದ ಬೀಗರೊಬ್ಬರನ್ನು ಭಾವ ಮುಂದಿನ ಹಬ್ಬಕ್ಕೆ ಕರೆಯಲಿಲ್ಲ. ಆ ಕಾಲದಲ್ಲಿ ಬುಲೆಟ್ಟು ಗೌರವಸ್ಥರದ್ದು, ಸ್ಕೂಟರ್ ಸಂಸಾರಸ್ಥರದ್ದು. ಈ ಎರಡೂ ಆಗಲು ಇನ್ನೂ ಸಮಯವಿದೆ ಅಂದುಕೊಂಡವರ ಸ್ಪೋರ್ಟ್ಸ್ ಬೈಕು ಇದು. ಭಾವ ನಿವೃತ್ತಿಗೆ ಹತ್ತಿರ ಬಂದಿದ್ದಾರೆ, ಸಮಯ ಇನ್ನೂ ಇದೆ ಅಂತಲೇ ಅಂದುಕೊಂಡಿದ್ದಾರೆ.

ಮೇಲಾಗಿ ಅದು ಊರಿನ ಕೂಸು. ಜೆಕ್ ದೇಶದ ಜಾವಾವನ್ನು ತಂದು 1961ರಿಂದ ಯಾದವಗಿರಿಯಲ್ಲಿ ತಯಾರಿಸತೊಡಗಿದ ಐಡಿಯಲ್ ಜಾವಾ ಕಾರ್ಖಾನೆ, 1970ರ ದಶಕದಲ್ಲಿ ಗಾಡಿಯ ಹೆಸರನ್ನು ಯೆಜ್ಡಿ ಎಂದು ಬದಲಿಸಿ, 1996ರಲ್ಲಿ ಬಾಗಿಲು ಹಾಕಿತು. ಮೈಸೂರಿನಲ್ಲಿ ಯಾರನ್ನು ಕೇಳಿದರೂ ದೊಡ್ಡಪ್ಪನೋ ಸೋದರಮಾವನೋ ಅಲ್ಲಿ ಕೆಲಸಕ್ಕಿದ್ದವರೇ. ಎಲ್ಲರ ಲೆಕ್ಕ ಹಿಡಿದರೆ ಆ ಕಾರ್ಖಾನೆಯಲ್ಲಿ ನಿಲ್ಲುವುದಕ್ಕೂ ಜಾಗ ಇದ್ದಿರಲಿಕ್ಕಿಲ್ಲ.

ಈಗ ಆಗಿದ್ದೇನೆಂದರೆ, ಕಾಲೇಜಿಗೆ ಹೋಗುವ ಮಗರಾಯ ಅಪ್ಪ ಮಲಗಿದ್ದಾಗ ಗಾಡಿ ತೆಗೆದ. ಬಂಕಿಗೆ ಹೋಗಿ 300 ರೂಪಾಯಿಗೆ ಪೆಟ್ರೋಲ್ ಹಾಕಿಸಿದ. ಅಷ್ಟೇ, ಆಯಿಲ್ ಹಾಕಿಸಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಕ್ರ್ಯಾಂಕಿಗೂ ಜಿಡ್ಡು ಸಿಗಬೇಕಾದ್ದು ಪೆಟ್ರೋಲಿನ ಜೊತೆಗೇ. ಲೀಟರಿಗೆ ಮೂವತ್ತು-ನಲವತ್ತು ಎಂಎಲ್ ಟೂಟಿ ಆಯಿಲ್ ಬೆರೆಸದೆ ಹೋದರೆ ಒಳಗೆ ಒಣ ಕಬ್ಬಿಣದ ಮೇಲೆ ಅಲ್ಯೂಮಿನಿಯಂ ಉಜ್ಜುತ್ತದೆ. ಹಿಂದೆ ಬಂಕಿನಲ್ಲೇ ಆಯಿಲ್ ಪಂಪು ಇರುತ್ತಿತ್ತು, ಹುಡುಗ "ಎಷ್ಟು ಹಾಕ್ಲಿ ಸಾರ್?" ಅಂತ ತಾನೇ ಕೇಳುತ್ತಿದ್ದ. ಈಗ ಕೇಳುವವರಿಲ್ಲ, ನಮ್ಮ ಹುಡುಗನಿಗೆ ಹೇಳಿಕೊಟ್ಟವರೂ ಇಲ್ಲ. ರಿಂಗ್ ರೋಡಿನಲ್ಲಿ ಎಂಬತ್ತಕ್ಕೆ ಏರಿಸಿದ್ದಾನೆ. ಹಿಂದಿನ ಚಕ್ರ ಕಿರ್ರೆಂದು ಎಳೆದುಕೊಂಡು ನಿಂತಿದೆ. ಎಂಜಿನ್ ಸೀಜ್.

ಗ್ಯಾರೇಜಿನಲ್ಲಿ ಮೇಸ್ತ್ರಿ ಬ್ಲಾಕ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಒಳಗೋಡೆಯ ಮೇಲೆ ಕಿರುಬೆರಳಿನ ಉಗುರನ್ನು ಮೇಲಿಂದ ಕೆಳಕ್ಕೆ ಎಳೆದರಂತೆ. ಅರ್ಧಕ್ಕೆ ಬರುವಷ್ಟರಲ್ಲಿ ಉಗುರು ಟಕ್ಕೆಂದು ಸಿಕ್ಕಿಕೊಂಡಿತು. ಅವರು ಭಾವನ ಉಗುರನ್ನೂ ಅದೇ ಗೀರಿನ ಮೇಲೆ ಆಡಿಸಿ, ನಂಬಿಕೆ ಬಂದ ಮೇಲೆ ಮಾತಾಡಿದರು: "ಬೋರ್ ಮಾಡಿಸ್ಬೇಕು ಸಾರ್. ಓವರ್‌ಸೈಜ್ ಪಿಸ್ಟನ್ ಹಾಕೋಣ." ಇಲ್ಲಿಗೆ ನಿಂತಿದ್ದರೆ ಖರ್ಚು ಕೈಗೆಟುಕುತ್ತಿತ್ತು. ಆದರೆ ಗ್ಯಾರೇಜುಗಳಲ್ಲಿ ಒಂದು ವಾಕ್ಯವಿದೆ, ಕನ್ನಡದಲ್ಲಿ ಅದಕ್ಕಿಂತ ದುಬಾರಿ ವಾಕ್ಯವನ್ನು ನಾನು ಕೇಳಿಲ್ಲ. "ಹೆಂಗೂ ಬಿಚ್ಚಿದೀವಲ್ಲ ಸಾರ್." ಹೆಂಗೂ ಬಿಚ್ಚಿದೀವಲ್ಲ, ಕನೆಕ್ಟಿಂಗ್ ರಾಡ್ ಬದಲಾಯಿಸೋಣ. ಹೆಂಗೂ ಬಿಚ್ಚಿದೀವಲ್ಲ, ಬೇರಿಂಗು, ಆಯಿಲ್ ಸೀಲು, ಕ್ಲಚ್ ಪ್ಲೇಟು. ಹೆಂಗೂ ಬಿಚ್ಚಿದೀವಲ್ಲ, ಸೈಲೆನ್ಸರಿನ ಕಾರ್ಬನ್ ಸುಡಿಸಿ ಕ್ರೋಮ್ ಹೊಡೆಸಿಬಿಡೋಣ. ಒಟ್ಟು 25,000. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಹಳೇ ಪೇಪರಿನಲ್ಲಿ ಸುತ್ತಿಟ್ಟ "ಕಂಪನಿ ಒರಿಜಿನಲ್" ಪಿಸ್ಟನ್ ಎಲ್ಲ ಮೇಸ್ತ್ರಿಗಳ ಬಳಿಯೂ ಒಂದು ಇರುತ್ತದೆ. ಅದೂ ಕೊನೆಯದು.

ಅಕ್ಕ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಬೈಯಲಿಲ್ಲ, ಹಾಲಿನವನ ಕ್ಯಾಲೆಂಡರಿನ ಹಿಂಬದಿಗೆ ಬರೆದಳು. ತಿಂಗಳಿಗೆ 500 ಕಿಲೋಮೀಟರ್ ಓಡಾಟ. ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಲೀಟರಿಗೆ 60 ಕೊಟ್ಟರೂ ಸುಮಾರು 850 ರೂಪಾಯಿ ಪೆಟ್ರೋಲ್ ಸಾಕು. ರೋಡ್‌ಕಿಂಗ್ 28 ಕೊಟ್ಟರೆ ಪುಣ್ಯ. ಆಯಿಲೂ ಸೇರಿ 2,100. ಸ್ಪ್ಲೆಂಡರ್‌ಗೆ 40,000 ಅಂತಿಟ್ಟುಕೊಂಡರೂ ರಿಪೇರಿಗಿಂತ ಹೆಚ್ಚಿಗೆ ಕೊಟ್ಟ 15,000 ಒಂದೇ ವರ್ಷದಲ್ಲಿ ವಾಪಸ್. ಕೆಳಗೆ ಎರಡು ಗೆರೆ ಎಳೆದು ಭಾವನ ಮುಂದಿಟ್ಟಳು.

ಭಾವನ ಉತ್ತರ: "ಸ್ಪ್ಲೆಂಡರ್ ಬೆಲೆ ಇಳೀತಾ ಹೋಗುತ್ತೆ ಕಣೇ, ರೋಡ್‌ಕಿಂಗ್ ಬೆಲೆ ಏರ್ತಾ ಹೋಗುತ್ತೆ. ಇವತ್ತೇ ಲಕ್ಷ ದಾಟಿ ಕೇಳೋರಿದ್ದಾರೆ."

"ಕೊಡ್ತೀರಾ ಹಾಗಾದ್ರೆ?"

"ಛೆ ಛೆ."

"ಮಾರದೇ ಇರೋ ಗಾಡಿ ಬೆಲೆ ಏರಿದ್ರೆ ಯಾರ ಜೇಬಿಗ್ರೀ ಬಂತು?"

ಭಾವ ಬಾಣ ಬದಲಿಸಿದರು. 50 ವರ್ಷ ದಾಟಿದ ಗಾಡಿಯನ್ನು ಸರ್ಕಾರ ವಿಂಟೇಜ್ ಅಂತ ಗುರುತಿಸುತ್ತದೆ, 2021ರಲ್ಲೇ ನಿಯಮ ಬಂದಿದೆ, ಇನ್ನೇನು 2034 ಬಂದೇ ಬಿಟ್ಟಿತು ಅಂದರು. ಅಕ್ಕ ಆ ನಿಯಮವನ್ನು ಓದಿಕೊಂಡಿದ್ದಳು. ವಿಂಟೇಜ್ ಅಂತ ಬರೆಸಿಕೊಂಡ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. "ಅಂದ್ರೆ ಆಗಲೂ ತರಕಾರಿಗೆ ನಾನು ಬಸ್ಸಲ್ಲೇ ಹೋಗ್ಬೇಕು."

ನ್ಯಾಯವಾಗಿ ಇಲ್ಲಿಗೆ ಚರ್ಚೆ ಮುಗಿಯಬೇಕಿತ್ತು. ಆದರೆ ಅಕ್ಕನ ಲೆಕ್ಕದಲ್ಲೂ ಒಂದು ಕಾಲಂ ಬಿಟ್ಟುಹೋಗಿದೆ, ಅದನ್ನು ಹರಟೆಮಲ್ಲನಾದ ನಾನೇ ಹೇಳಬೇಕು. 1980ರ ದಶಕದಲ್ಲಿ ಹೀರೋ ಹೊಂಡಾದವರ ಜಾಹೀರಾತಿತ್ತು: ಪೆಟ್ರೋಲ್ ತುಂಬಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಎಂಬರ್ಥದ್ದು. ಆ ಮಾತಿಗೆ ಅವರು ತಪ್ಪಲಿಲ್ಲ. ಜನ ನಿಜವಾಗಿಯೂ ಮರೆತರು. ಸ್ಪ್ಲೆಂಡರ್ ಇಟ್ಟುಕೊಂಡವನನ್ನು ಸಿಗ್ನಲ್ಲಿನಲ್ಲಿ ಯಾರಾದರೂ "ಯಾವ ಇಸವಿದು ಸಾರ್?" ಅಂತ ಕೇಳಿದ್ದುಂಟೇ? ಮದುವೆ ಮನೆಯ ಪಾರ್ಕಿಂಗಿನಲ್ಲಿ ಅದರ ಸುತ್ತ ನಾಲ್ಕು ಜನ ನಿಂತಿದ್ದುಂಟೇ? ನಿಂತಿದ್ದರೆ ಅವರು ತಮ್ಮ ಸ್ಪ್ಲೆಂಡರ್ ಯಾವುದು ಅಂತ ಹುಡುಕುತ್ತಿರುತ್ತಾರೆ.

ರೋಡ್‌ಕಿಂಗ್ ಹಾಗಲ್ಲ. ಕಿಕ್ ಹೊಡೆದ ಲಿವರನ್ನೇ ಒಳಕ್ಕೊತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಆಗುವುದನ್ನು ತೋರಿಸಿಯೇ ಭಾವ ಅರ್ಧ ಮೈಸೂರಿನ ಸ್ನೇಹ ಸಂಪಾದಿಸಿದ್ದಾರೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಗಾಡಿಗಳೆಲ್ಲ ಸೇರಿದಾಗ, ಓಡಿಸುವುದಕ್ಕಿಂತ ನಿಲ್ಲಿಸಿಕೊಂಡು ಮಾತಾಡುವುದೇ ಹೆಚ್ಚು. ಗಾಡಿ ಸರಿಯಿದ್ದರೆ ಅರ್ಧ ಗಂಟೆ ಮಾತು, ಕೆಟ್ಟಿದ್ದರೆ ಇಡೀ ಸಂಜೆ. 25,000 ರೂಪಾಯಿ ರಿಪೇರಿಗೆ ಕೊಡುವುದಲ್ಲ, ಹರಟೆಗೆ ಕಟ್ಟುವ ಚಂದಾ. ಕ್ಲಬ್ಬಿನ ಮೆಂಬರ್‌ಶಿಪ್ಪಿಗೆ ಹೋಲಿಸಿದರೆ ಅಗ್ಗವೇ ಅನ್ನಿ.

ಈ ವಾದವನ್ನು ನಾನು ಅಕ್ಕನಿಗೆ ಹೇಳಿದೆ. "ನಿಮ್ಮ ಭಾವ ಮನೇಲೇ ಮಾತಾಡ್ಬೋದಲ್ಲ, ಪುಕ್ಕಟೆ" ಅಂದಳು. ಇದಕ್ಕೆ ಯಾವ ಗಾಡಿಯವನ ಬಳಿಯೂ ಉತ್ತರವಿಲ್ಲ.

ಭಾವನಿಗೆ ನಾನು ಇನ್ನೊಂದು ವಿಷಯವನ್ನೂ ನೆನಪಿಸಬೇಕಾಯಿತು. ಬೋರ್ ಮಾಡಿಸಿದ ಹೊಸದರಲ್ಲಿ ಪಿಸ್ಟನ್ ರಿಂಗು ಕೂರುವ ತನಕ ಎಂಜಿನ್ನಿಗೆ ಜೋರು ಕೊಡುವಂತಿಲ್ಲ. ನಲವತ್ತು ದಾಟಿಸಬೇಡಿ, ಇಬ್ಬರು ಕೂರಬೇಡಿ, ಚಾಮುಂಡಿ ಬೆಟ್ಟದ ಕಡೆ ತಲೆಯೂ ಹಾಕಬೇಡಿ ಎಂದು ಮೇಸ್ತ್ರಿ ಆಣೆ ಹಾಕಿಸಿಕೊಳ್ಳುತ್ತಾರೆ. ಎಂದರೆ, ಇಷ್ಟೆಲ್ಲ ಸುರಿದು ಎಬ್ಬಿಸಿದ ಸ್ಪೋರ್ಟ್ಸ್ ಬೈಕಿನಲ್ಲಿ ಭಾವ ಹೆಲ್ಮೆಟ್ ಬಿಗಿದುಕೊಂಡು ಮೆಲ್ಲಗೆ ಹೋಗುತ್ತಿದ್ದರೆ, ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡ ಸ್ಪ್ಲೆಂಡರ್ ಹಾರ್ನ್ ಹೊಡೆದು ಮುಂದೆ ಹೋಗುತ್ತದೆ. "ಹೋಗ್ಲಿ ಬಿಡಯ್ಯ. ಅವನು ತಿರುಗಿ ನೋಡ್ತಾನಾ ಇಲ್ವಾ?" ಅಂದರು ಭಾವ. ನೋಡ್ತಾನೆ, ನಿಜ. ಸೈಲೆನ್ಸರಿನ ಹೊಗೆಗೆ ಕಣ್ಣು ಉರಿದಾದರೂ ತಿರುಗಿ ನೋಡ್ತಾನೆ.

ಕೊನೆಗೆ ಸ್ಪ್ಲೆಂಡರ್ ಬಂತು. ಅಕ್ಕ ಗೆದ್ದಳು ಅಂತ ನಾನೂ ಅಂದುಕೊಂಡೆ. ಮೊನ್ನೆ ಫೋನಿನಲ್ಲಿ ವಿಚಾರಿಸಿದರೆ, "ಗಾಡಿ ಏನೋ ಚೆನ್ನಾಗಿದೆ, ಆದ್ರೆ ನಮಗೆಲ್ಲಿ ಸಿಗುತ್ತೆ?" ಅಂದಳು. ಬೆಳಿಗ್ಗೆ ಅದರ ಸೀಟಿಗೆ ಗೋಣಿಚೀಲ ಕಟ್ಟಿಕೊಂಡು ಭಾವ ಲೇತಿನವನ ಹತ್ತಿರ ಹೋಗುತ್ತಾರೆ, ಸಂಜೆ ಅದೇ ಚೀಲ ಗ್ಯಾರೇಜಿಗೆ ಬರುತ್ತದೆ. ಚೀಲದಲ್ಲಿ ರೋಡ್‌ಕಿಂಗಿನ ಕ್ರ್ಯಾಂಕು. "ಸ್ಪ್ಲೆಂಡರ್ ಬಹಳ ಒಳ್ಳೆ ಗಾಡಿ ಕಣಯ್ಯ, ಸುಮ್ನೆ ಅಂದಿದ್ದೆ" ಎಂದು ಹಿಂದಿನಿಂದ ಭಾವನ ದನಿ ಕೇಳಿಸಿತು. "ಇದಿಲ್ದೇ ಇದ್ರೆ ಸ್ಪೇರ್ ಪಾರ್ಟ್ಸಿಗೆ ಅಲೆಯೋಕೇ ಆಗ್ತಿರಲಿಲ್ಲ."