ಅಂತರ್ನಾಕ್ಷತ್ರಿಕ ಅನ್ವೇಷಣೆಯಲ್ಲಿ ಮಾನವ–ಯಂತ್ರ ಸಂಕಥನ: ಒಂದು ತೌಲನಿಕ, ತಾತ್ತ್ವಿಕ ಹಾಗೂ ತಾಪತ್ರಯಾತ್ಮಕ ಅಧ್ಯಯನ

ಪ್ರಸ್ತುತ ಸಂಪ್ರಬಂಧವು ನಕ್ಷತ್ರಗಳಿಗೆ ಮನುಷ್ಯರನ್ನು ಕಳಿಸಬೇಕೋ ರೋಬಾಟುಗಳನ್ನು ಕಳಿಸಬೇಕೋ ಎಂಬ ಜ್ವಲಂತ ಸಮಸ್ಯೆಯನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಕ್ಕೊಳಪಡಿಸುವ ವಿನಮ್ರ ಪ್ರಯತ್ನವಾಗಿದೆ. ಅಧ್ಯಯನದ ವ್ಯಾಪ್ತಿ: ನಾಲ್ಕೂಕಾಲು ಜ್ಯೋತಿರ್ವರ್ಷ. ಮಿತಿ: ಊಟದ ಗಂಟೆ. ಈ ವಿಷಯದಲ್ಲಿ ಇದುವರೆಗೆ ಯಾರೂ ಅಧ್ಯಯನ ನಡೆಸಿಲ್ಲ ಎಂಬ ವಾಕ್ಯವನ್ನು ಇಲ್ಲಿ ಸೇರಿಸುವುದು ವಾಡಿಕೆ, ಸೇರಿಸಲಾಗಿದೆ.

ವಿದ್ವಾಂಸರನ್ನು ಸ್ಥೂಲವಾಗಿ ಮೂರು ಪಂಥಗಳಾಗಿ ವಿಂಗಡಿಸಬಹುದು: (ಅ) ದೇಹವಾದಿಗಳು, (ಆ) ಲೋಹವಾದಿಗಳು, (ಇ) ಉಭಯವಾದಿಗಳು. ಮೂರನೆಯವರಲ್ಲಿ ಸಂಭಾವನಾಪೂರ್ವ ಮತ್ತು ಸಂಭಾವನೋತ್ತರ ಎಂಬ ಎರಡು ಒಳಪಂಗಡಗಳಿವೆ.

(ಅ) ದೇಹವಾದಿಗಳ ಪೂರ್ವಪಕ್ಷ: 1972ರ ಡಿಸೆಂಬರಿನಲ್ಲಿ ಅಪೊಲೊ 17ರಲ್ಲಿ ಹೋದ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಚಂದ್ರನ ಬೂದು ನೆಲದಲ್ಲಿ ಕಿತ್ತಳೆ ಬಣ್ಣದ ಮಣ್ಣನ್ನು ಕಂಡರು. ಅವರೂ ಜೊತೆಗಾರರೊಬ್ಬರೂ ಸೇರಿ ಮೂರು ದಿನದಲ್ಲಿ ಗಾಡಿಯಲ್ಲಿ ಸುಮಾರು 36 ಕಿಲೋಮೀಟರ್ ಸುತ್ತಿದರು. ಮಂಗಳನ ಮೇಲೆ ಆಪರ್ಚುನಿಟಿ ರೋವರ್ 45 ಕಿಲೋಮೀಟರ್ ಕ್ರಮಿಸಲು ಹದಿನಾಲ್ಕು ವರ್ಷ ತೆಗೆದುಕೊಂಡಿತು. ವಾದ ಗಟ್ಟಿಯಾಗಿದೆ, ಚಂದ್ರನ ಮಟ್ಟಿಗೆ. ಆದರೆ ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್ 1 ನೌಕೆಯ ವೇಗದಲ್ಲಿ ಹೊರಟರೂ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೆ ಸುಮಾರು 75 ಸಾವಿರ ವರ್ಷ. ಹಲ್ಮಿಡಿ ಶಾಸನಕ್ಕೇ ವಯಸ್ಸು ಸುಮಾರು 1600 ವರ್ಷವಷ್ಟೇ. ಅಷ್ಟೂ ಕಾಲ ಪ್ರತಿಯೊಬ್ಬರಿಗೂ ದಿನಕ್ಕೆ 840 ಗ್ರಾಂ ಆಮ್ಲಜನಕ ಒದಗಿಸಬೇಕು. ಮೂರು ಸಾವಿರ ತಲೆಮಾರು. ನೌಕೆಯೊಳಗೆ ಎಷ್ಟು ಉಪಸಮಿತಿಗಳು ಹುಟ್ಟಬಹುದೆಂಬುದು ಪ್ರತ್ಯೇಕ ಪಿಎಚ್‌ಡಿಯ ವಿಷಯ.

(ಆ) ಲೋಹವಾದಿಗಳು 2016ರಲ್ಲಿ ಯೂರಿ ಮಿಲ್ನರ್ ಮತ್ತು ಸ್ಟೀಫನ್ ಹಾಕಿಂಗ್ ಘೋಷಿಸಿದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆಯನ್ನು ಉಲ್ಲೇಖಿಸುತ್ತಾರೆ. ಗ್ರಾಂ ಲೆಕ್ಕದ ಯಂತ್ರ, ಅದಕ್ಕೊಂದು ಹಾಯಿ. ನೆಲದಿಂದ ಲೇಸರ್ ಹೊಡೆದರೆ ಬೆಳಕಿನ ವೇಗದ ಐದನೇ ಒಂದು ಭಾಗ. ಇಪ್ಪತ್ತು ವರ್ಷ ಚಿಲ್ಲರೆಯಲ್ಲಿ ನಕ್ಷತ್ರ ಬಂತು. ಬ್ರೇಕ್ ಮಾತ್ರ ಇಲ್ಲ. ಸಣ್ಣ ಊರಿನ ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದವರನ್ನು ನೋಡಿಯೂ ನೋಡದಂತೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಅದು ಹಾದುಹೋಗುತ್ತದೆ.

(ಇ) ಉಭಯವಾದಿಗಳಿಗೆ ಬರುವಷ್ಟರಲ್ಲಿ ಇಸ್ರೊ ಅಡ್ಡ ಬಂತು. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ ಅದರ ರೋಬಾಟು ವ್ಯೋಮಮಿತ್ರಳಿಗೆ ಮುಖವಿದೆ, ಮಾತಿದೆ, ಕಾಲಿಲ್ಲ. ಆಕೆಯನ್ನು (ಅ)ದಲ್ಲಿ ಇಡುವುದೋ (ಆ)ದಲ್ಲಿ ಇಡುವುದೋ ತಿಳಿಯದ ಕಾರಣ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ. ಅದರಿಂದ ಯಾರಿಗೂ ನಷ್ಟವಿಲ್ಲ.

ನಿಜ ಹೇಳಬೇಕೆಂದರೆ, ಇಂಥ ಸಂಪ್ರಬಂಧಗಳನ್ನು ಓದುವ ಗೋಷ್ಠಿಯೊಂದರಲ್ಲಿ ಕೂತು ‘ಯಂತ್ರಪ್ರಜ್ಞೆಯ ಆತ್ಮಮೀಮಾಂಸೆ’ ಕೇಳಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. 1977ರಲ್ಲಿ ಹೊರಟು, 2012ರಲ್ಲಿ ಸೂರ್ಯನ ಗಾಳಿಯ ಎಲ್ಲೆ ದಾಟಿ, ಈಗಾಗಲೇ ಅಂತರ್ನಾಕ್ಷತ್ರಿಕ ಬಾಹ್ಯಾಕಾಶದಲ್ಲಿರುವ ವಾಯೇಜರ್ 1ರ ಹೆಸರನ್ನು ಅಲ್ಲಿ ಒಬ್ಬರೂ ಎತ್ತಲಿಲ್ಲ. ಅದರ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಇದೆ. ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು, ಅಷ್ಟೇ. ಕನ್ನಡದ ಸ್ವಾಗತ ಭಾಷಣವೊಂದು ಇಷ್ಟು ಚುಟುಕಾಗಿ ಮುಗಿದದ್ದು ಅದೊಂದೇ ಸಲ ಇರಬೇಕು.

2023ರ ನವೆಂಬರಿನಲ್ಲಿ ಆ ನೌಕೆ ಅರ್ಥವಿಲ್ಲದ್ದನ್ನು ಗೊಣಗತೊಡಗಿತು. ಸೊನ್ನೆ–ಒಂದುಗಳ ಅದೇ ಸಾಲು, ಮತ್ತೆ ಮತ್ತೆ. (ನಮ್ಮಲ್ಲಿ ಇದನ್ನು ಆಶಯ ಭಾಷಣ ಎನ್ನುತ್ತಾರೆ.) ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯಲ್ಲಿ ಕೆಲವರು ದಶಕಗಳ ಹಿಂದಿನ ಕಾಗದಪತ್ರ ಬಿಡಿಸಿಕೊಂಡು ಕೂತರು. ಕೆಟ್ಟಿದ್ದು ಒಂದು ಮೆಮೊರಿ ಚಿಪ್. ಅದರಲ್ಲಿದ್ದ ಕೋಡನ್ನು ಇಡಿಯಾಗಿ ಇಡಲು ಬೇರೆಲ್ಲೂ ಜಾಗವಿರಲಿಲ್ಲ. ತುಂಡು ಮಾಡಿ, ಸಿಕ್ಕ ಸಂದಿಗೊಂದಿಗಳಲ್ಲಿ ತುರುಕಿ, ತುಂಡುಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವಂತೆ ತಿದ್ದಿದರು. 2024ರ ಏಪ್ರಿಲ್ 18ರಂದು ಸಂದೇಶ ಹೊರಟಿತು. ಹೋಗಲು ಇಪ್ಪತ್ತೆರಡೂವರೆ ಗಂಟೆ, ಬರಲು ಅಷ್ಟೇ. 20ರಂದು ನೌಕೆ ತನ್ನ ಆರೋಗ್ಯದ ವರದಿ ಕೊಟ್ಟಿತು.

ಈಗ ಹೇಳಿ ವಿದ್ವಾಂಸರೇ, ಇದು ಮಾನವಯಾನವೋ ಯಂತ್ರಯಾನವೋ?

ನೌಕೆ ಹಾಗೆ ಗೊಣಗುತ್ತಿದ್ದ ದಿನಗಳಲ್ಲೇ, 2024ರ ಫೆಬ್ರುವರಿಯಲ್ಲಿ, ಅದೇ ಲ್ಯಾಬೊರೇಟರಿ ತನ್ನ ಸುಮಾರು 530 ನೌಕರರನ್ನು ಮನೆಗೆ ಕಳಿಸಿತು. ಕಾರಣ ಬಜೆಟ್ಟು. ನವೆಂಬರಿನಲ್ಲಿ ಇನ್ನೂ 325 ಜನ. ನಕ್ಷತ್ರಕ್ಕೆ ಯಾರನ್ನು ಕಳಿಸೋಣ ಎಂದು ಗಂಟೆಗಟ್ಟಲೆ ಚರ್ಚಿಸುವವರಿಗೆ, ಕಳಿಸಿದ್ದನ್ನು ಕಾಯುವವರ ಸಂಬಳ ಯಾರು ಕೊಡಬೇಕು ಎಂಬ ಪ್ರಶ್ನೆ ವಿಷಯಾಂತರವಂತೆ! ನೌಕೆಯ ವಿದ್ಯುತ್ತು ವರ್ಷಕ್ಕೆ ಸುಮಾರು 4 ವಾಟ್ ಕುಸಿಯುತ್ತಿದೆ. ಒಂದೊಂದಾಗಿ ಉಪಕರಣಗಳನ್ನು ಆರಿಸುತ್ತಿದ್ದಾರೆ. ಎಡ್ ಸ್ಟೋನ್ 1972ರಿಂದ 2022ರವರೆಗೆ, ಐವತ್ತು ವರ್ಷ, ಈ ಒಂದೇ ಯಾನದ ಮುಖ್ಯ ವಿಜ್ಞಾನಿಯಾಗಿದ್ದರು. 2024ರ ಜೂನಿನಲ್ಲಿ ತೀರಿಕೊಂಡರು. ನೌಕೆಯ ಸಿಬ್ಬಂದಿ ಎಂದರೆ ಇಂಥವರೇ. ಅವರು ನೆಲ ಬಿಟ್ಟು ಮೇಲೆ ಹೋಗಲಿಲ್ಲ ಅಷ್ಟೇ.

ಗೋಷ್ಠಿಯ ಸಂಚಾಲಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ನಮ್ಮನ್ನು ಬಿಡಿ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಇಸ್ರೊದ 32 ಮೀಟರಿನ ಆಂಟೆನಾ ಇದೆ. ಅಲ್ಲಿ ರಾತ್ರಿ ಪಾಳಿ ಮಾಡಿ ನಿವೃತ್ತರಾದ ಯಾರನ್ನಾದರೂ ಕರೆಸಿ ಮಾತಾಡಿಸಿ. ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡ. ಹೋಗಿಬರುವ ಖರ್ಚನ್ನು ಅಂದೇ ಕೈಗೆ ಕೊಡಿ.